ಚಪ್ಪಲಿ ಜಾರಿದ ದಿನದಿಂದ ಎಣಿಸಿ

ನಮ್ಮ ಅಕ್ಕನ ಮಗ ಎರಡನೇ ಇಯತ್ತೆಯಲ್ಲಿದ್ದಾಗ ಅವನಿಗೆ ಜ್ವರ ಬಂತು. ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಊರು. ಬೈಕಿಗೆ ಬ್ಯಾಗು ನೇತುಹಾಕಿಕೊಂಡು ಊರೂರು ತಿರುಗುವ, ಎಲ್ಲರೂ ಡಾಕ್ಟರ್ ಎಂದೇ ಕರೆಯುವ ಒಬ್ಬರು ಬಂದರು. ಕಟ್ಟೆಯ ಮೇಲೆ ಹುಡುಗನನ್ನು ಬೋರಲು ಮಲಗಿಸಿ ಕುಂಡಿಗೆ ಸೂಜಿ ಮಾಡಿದರು. ಹುಡುಗ ಚೀರಿದ. ಸೂಜಿ ಎಂದರೆ ಚೀರದ ಮಕ್ಕಳಿಲ್ಲ, ಆದರೆ ಆ ಚೀರು ಬೇರೆಯೇ ಇತ್ತು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಹೆಬ್ಬೆರಳ ತನಕ ಬೆಂಕಿ ಹರಿಯಿತು ಎಂದನಂತೆ. ಮರುದಿನ ಜ್ವರ ಇಳಿದಿತ್ತು. ಸಾಲಿಗೆ ಹೊರಟವನ ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. ತಿರುಗಿ ಬಂದು ಹಾಕಿಕೊಂಡ. ನಾಲ್ಕು ಹೆಜ್ಜೆಗೆ ಮತ್ತೆ ಜಾರಿತು. ಪಾದ ಮೇಲಕ್ಕೆ ಏಳುತ್ತಿರಲಿಲ್ಲ.

ಸೂಜಿ ಮಾಡಿದವರನ್ನು ಕೇಳಿದರೆ, “ಏನೂ ಆಗೂದಿಲ್ಲ ಬಿಡ್ರಿ ಅಕ್ಕಾರ, ನರಕ್ಕ ಸ್ವಲ್ಪ ತಾಗೇತಿ, ತಾನ ಸರಿ ಹೋಗತೈತಿ” ಎಂದರು. ಅಕ್ಕ ನಂಬಿದಳು. ಔಡಲೆಣ್ಣೆ ಕಾಸಿ ತಿಕ್ಕಿದಳು. ಮತ್ತೊಬ್ಬರು ‘ನರದ ಸೂಜಿ’ ಎಂದು ಹತ್ತು ಬರೆದುಕೊಟ್ಟರು, ಅದನ್ನೂ ಅದೇ ಜಾಗಕ್ಕೆ ಮಾಡಿಸಿದರು. ದೇವರಿಗೆ ಹರಕೆ ಹೊತ್ತರು. ಕಬ್ಬಿನ ಹಂಗಾಮು ಬಂತು, ಹೋಯಿತು. ಹದಿನಾಲ್ಕು ತಿಂಗಳಾದ ಮೇಲೆ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರದ ಶಸ್ತ್ರಚಿಕಿತ್ಸಕರೊಬ್ಬರು ಅವನ ಕಾಲು ಮುಟ್ಟಿ ನೋಡಿ, “ಇಷ್ಟು ದಿನ ಎಲ್ಲಿದ್ರವ್ವಾ?” ಎಂದು ಕೇಳಿದರು. ಬೈಗುಳ ಆಗಿರಲಿಲ್ಲ ಅದು, ಅವರ ದನಿಯಲ್ಲಿ ನೋವಿತ್ತು. ಆ ಪ್ರಶ್ನೆಗೆ ನಮ್ಮ ಮನೆಯ ಯಾರಲ್ಲೂ ಉತ್ತರ ಇರಲಿಲ್ಲ. ನರಕ್ಕೆ ಶಸ್ತ್ರಚಿಕಿತ್ಸೆ ಇದೆ ಎಂಬುದೇ ಗೊತ್ತಿರದಿದ್ದ ಮೇಲೆ, ಅದಕ್ಕೊಂದು ಗಡುವು ಇದೆ ಎಂದು ಯಾರಿಗೆ ತಿಳಿದೀತು?

ಆ ಗಡುವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪ್ರತಿ ಮನೆಗೂ ಮುಟ್ಟಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಗುಳಿಗಿಯ ಮೇಲೆ ಯಾರಿಗೂ ಭರವಸೆಯಿಲ್ಲ. ಸೂಜಿ ಮಾಡದ ಡಾಕ್ಟರ್ ಡಾಕ್ಟರೇ ಅಲ್ಲ, ಸಲಾಯಿನ್ ಹಚ್ಚದ ದವಾಖಾನೆ ದವಾಖಾನೆಯೇ ಅಲ್ಲ. ಇದು ಜನರ ದಡ್ಡತನ ಎಂದು ಪೇಟೆಯವರು ಹೇಳುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ತೊಗರಿ ಕೊಯ್ಲಿಗೆ, ಕಬ್ಬು ಕಡಿಯಲಿಕ್ಕೆ ಹೋಗುವವರಿಗೆ ಮೂರು ದಿನ ಗುಳಿಗಿ ನುಂಗಿ ಮಲಗುವುದೆಂದರೆ ಮೂರು ದಿನದ ಕೂಲಿ ಕಳೆದುಕೊಳ್ಳುವುದು. “ಒಂದ್ ಸೂಜಿ ಮಾಡ್ರಿ, ನಾಳಿ ಕೆಲಸಕ್ಕ ಹೋಗಬೇಕ್ರಿ” ಎನ್ನುವ ಮಾತಿನ ಹಿಂದೆ ಹೊಟ್ಟೆಯ ಲೆಕ್ಕ ಇದೆ. ದೇಶದ ಲೆಕ್ಕವೂ ಹೀಗೆಯೇ. 2002-03ರಲ್ಲಿ ಇಂಡಿಯಾಕ್ಲೆನ್ ಎಂಬ ವೈದ್ಯ ಸಂಶೋಧಕರ ಜಾಲ ಭಾರತದಾದ್ಯಂತ ನಡೆಸಿದ ಅಧ್ಯಯನ, ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಆಗುತ್ತಿವೆ, ಅವುಗಳಲ್ಲಿ ನೂರಕ್ಕೆ 63ರಷ್ಟು ಒಂದಲ್ಲ ಒಂದು ರೀತಿಯಲ್ಲಿ ಅಸುರಕ್ಷಿತ ಎಂದು ಹೇಳಿತು. ಅಂದಿನಿಂದ ಒಂದು ಸುಧಾರಣೆ ಆಗಿದೆ. ಪ್ಯಾಕ್ ಒಡೆದು ಹೊಸ ಸೂಜಿ ಹಾಕಿದರೋ ಇಲ್ಲವೋ ಎಂದು ಹಳ್ಳಿಯ ಮುದುಕಿಯೂ ಈಗ ನೋಡುತ್ತಾಳೆ. ಆದರೆ ಆ ಹೊಸ ಸೂಜಿ ಎಲ್ಲಿಗೆ ಇಳಿಯಿತು ಎಂದು ನೋಡುವವರು ಇಲ್ಲ.

ಕುಂಡಿಯ ಮಾಂಸದ ಅಡಿಯಲ್ಲಿ ದೇಹದ ಅತಿ ದಪ್ಪ ನರ ಹಾದುಹೋಗುತ್ತದೆ. ಸಯಾಟಿಕ್ ನರ. ದೊಡ್ಡವರಲ್ಲಿ ಅದು ಹೆಬ್ಬೆರಳಿನಷ್ಟು ದಪ್ಪ. ಸೊಂಟದೊಳಗಿನಿಂದ ಹೊರಬಿದ್ದು, ಕುಂಡಿಯ ಒಳಮಗ್ಗುಲು ಮತ್ತು ಕೆಳಭಾಗದಲ್ಲಿ ಸಾಗಿ, ತೊಡೆಯ ಹಿಂಬದಿಯಿಂದ ಮೊಣಕಾಲಿಗೆ ಇಳಿಯುತ್ತದೆ. ಅದರೊಳಗೆ ಎರಡು ನರಗಳು ಜೊತೆಯಾಗಿವೆ. ಹೊರಮಗ್ಗುಲಿನದು ಪಾದವನ್ನು ಮೇಲಕ್ಕೆ ಎತ್ತುವಂಥದ್ದು, ಒಳಮಗ್ಗುಲಿನದು ಪಾದವನ್ನು ಕೆಳಕ್ಕೆ ಒತ್ತುವ ಮತ್ತು ಅಂಗಾಲಿಗೆ ಸ್ಪರ್ಶ ಕೊಡುವಂಥದ್ದು. ಸೂಜಿಗೆ ಹೆಚ್ಚಾಗಿ ಸಿಗುವುದು ಹೊರಮಗ್ಗುಲಿನದು, ಗಾಯವಾದ ಮೇಲೆ ಚೇತರಿಸಿಕೊಳ್ಳುವುದರಲ್ಲಿ ಹಿಂದೆ ಬೀಳುವುದೂ ಅದೇ. ಚಪ್ಪಲಿ ಜಾರುವುದು ಇದೇ ಕಾರಣಕ್ಕೆ. ಕುಂಡಿಯನ್ನು ನಾಲ್ಕು ಭಾಗ ಮಾಡಿದರೆ ಮೇಲಿನ ಹೊರಭಾಗ ಮಾತ್ರ ಸುರಕ್ಷಿತ ಎಂದು ನರ್ಸಿಂಗ್ ಓದಿದವರಿಗೆಲ್ಲ ಗೊತ್ತು. ಆದರೆ ಸೀರೆಯನ್ನು ಎರಡು ಬೆರಳು ಸರಿಸಿ, ರೋಗಿ ನಿಂತಿರುವಾಗಲೇ ಚುಚ್ಚಿದರೆ ಯಾವ ಭಾಗ ಎಲ್ಲಿದೆ ಎಂದು ಹೇಗೆ ಕಂಡೀತು? ಸೊರಗಿದ ಮಗುವಿನಲ್ಲಿ, ಮಾಂಸ ಕರಗಿದ ವಯಸ್ಸಾದವರಲ್ಲಿ ಸೂಜಿಗೂ ನರಕ್ಕೂ ನಡುವೆ ಬೆರಳಿನಷ್ಟು ಅಂತರವೂ ಉಳಿದಿರುವುದಿಲ್ಲ.

ಸೂಜಿಯ ಮೊನೆಗಿಂತ ಔಷಧವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೊನೆ ಮಾಡಿದ ತೂತು ಸಣ್ಣದು. ನರದೊಳಗೆ ತುಂಬಿಕೊಂಡ ಔಷಧ ಅಲ್ಲಿನ ಎಳೆಗಳನ್ನು ಸುಡುತ್ತದೆ, ರಕ್ತ ಸಂಚಾರ ನಿಲ್ಲಿಸುತ್ತದೆ, ವಾರಗಳು ಕಳೆದಂತೆ ಒಳಗೆ ಗಟ್ಟಿ ಗಾಯದ ಗಂಟು ಕಟ್ಟುತ್ತದೆ. ಆದ್ದರಿಂದ ಸೂಜಿ ಹಿಡಿಯುವ ಪ್ರತಿಯೊಬ್ಬರಿಗೂ ಒಂದು ಮಾತು: ಚುಚ್ಚಿದ ಕ್ಷಣ ರೋಗಿ ಕಾಲಿನ ತುದಿಗೆ ಕರೆಂಟ್ ಹೊಡೆದಂತಾಯಿತು ಎಂದರೆ ಸಿರಿಂಜ್ ಒತ್ತಬೇಡಿ. ಹೊರಗೆ ತೆಗೆಯಿರಿ. ಆ ಒಂದು ಕ್ಷಣ ಕೈ ತಡೆದರೆ ಒಬ್ಬರ ಕಾಲು ಉಳಿಯುತ್ತದೆ.

ರಟ್ಟೆಯಲ್ಲೂ ಇಂಥದೇ ಅಪಾಯ ಇದೆ. ಭುಜದ ಮೂಳೆಯ ಅಂಚಿನಿಂದ ಎರಡು ಮೂರು ಬೆರಳು ಕೆಳಗೆ ಚುಚ್ಚಿದರೆ ಭಯವಿಲ್ಲ. ಇನ್ನೂ ಕೆಳಗೆ, ಹಿಂದಕ್ಕೆ ಸರಿದರೆ ರೇಡಿಯಲ್ ನರ ಮೂಳೆಗೆ ಸುತ್ತಿಕೊಂಡು ಹೋಗುವ ಜಾಗ ಬರುತ್ತದೆ. ಅದಕ್ಕೆ ತಗುಲಿದರೆ ಮಣಿಕಟ್ಟು ಜೋತುಬೀಳುತ್ತದೆ. ರೊಟ್ಟಿ ಬಡಿಯಲು ಕೈ ಎತ್ತಲಾಗುವುದಿಲ್ಲ.

ಪಾದ ಜೋತುಬಿದ್ದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. 1943ರಲ್ಲಿ, ಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಇಂಗ್ಲೆಂಡಿನ ಹರ್ಬರ್ಟ್ ಸೆಡನ್ ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು; ಇಂದಿಗೂ ವೈದ್ಯರು ಅಲ್ಲಿಂದಲೇ ಆರಂಭಿಸುತ್ತಾರೆ. ಮೊದಲನೆಯದರಲ್ಲಿ ನರಕ್ಕೆ ಮಂಕು ಕವಿದಿರುತ್ತದೆ, ಎಳೆ ಹರಿದಿರುವುದಿಲ್ಲ. ಕೆಲವು ದಿನ ಅಥವಾ ವಾರಗಳಲ್ಲಿ ಕಾಲು ತಾನಾಗಿ ಎದ್ದು ನಿಲ್ಲುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆ ಸತ್ತಿರುತ್ತದೆ, ಹೊರಗಿನ ಕೊಳವೆ ಉಳಿದಿರುತ್ತದೆ; ಹೊಸ ಎಳೆ ಆ ಕೊಳವೆಯಲ್ಲೇ ಬೆಳೆದು ಬರುತ್ತದೆ. ಮೂರನೆಯದರಲ್ಲಿ ಎಳೆಯೂ ಇಲ್ಲ, ದಾರಿಯೂ ಇಲ್ಲ, ಬರೀ ಗಂಟು. “ತಾನ ಸರಿ ಹೋಗತೈತಿ” ಎಂಬ ಮಾತು ಮೊದಲನೆಯದಕ್ಕೆ ನಿಜ, ಎರಡನೆಯದಕ್ಕೆ ಬಹುಪಾಲು ನಿಜ, ಮೂರನೆಯದಕ್ಕೆ ಪೂರ್ತಿ ಸುಳ್ಳು. ಮೊದಲ ದಿನ ಈ ಮೂರೂ ಒಂದೇ ತರಹ ಕಾಣುತ್ತವೆ. ಅಲ್ಲಿಯೇ ಎಲ್ಲರೂ ಮೋಸಹೋಗುವುದು.

ಬೋರ್‌ವೆಲ್ ಮೋಟರಿನ ಕೇಬಲ್ ಹರಿದರೆ ಜಾಯಿಂಟ್ ಮಾಡಿ ಟೇಪು ಸುತ್ತುತ್ತೇವೆ, ಗುಂಡಿ ಒತ್ತಿದ ಕೂಡಲೇ ನೀರು ಬರುತ್ತದೆ. ನರ ಹಾಗಲ್ಲ, ಅದು ನಮ್ಮ ದ್ರಾಕ್ಷಿ ಬಳ್ಳಿಯ ಹಾಗೆ. ಕತ್ತರಿಸಿದ ಮೇಲೆ ತುದಿಯ ಕಡೆಯದೆಲ್ಲ ಒಣಗುತ್ತದೆ, ಬುಡದ ಕಡೆಯಿಂದ ಹೊಸ ಚಿಗುರು ಹೊರಟು ತಂತಿ ಹಿಡಿದು ಸಾಗಬೇಕು. ನರ ಕತ್ತರಿಸಿದರೆ ಮುಂದಿನ ಭಾಗ ಸಾಯುತ್ತದೆ ಎಂಬುದನ್ನು 1850ರಲ್ಲೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರದಲ್ಲಿ ಕಂಡು ತೋರಿಸಿದ್ದರು. ಹೊಸ ಚಿಗುರಿನ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಇಂಚು. ಯಾವ ಸೂಜಿಯಿಂದಲೂ, ಯಾವ ಎಣ್ಣೆಯಿಂದಲೂ ಈ ವೇಗ ಹೆಚ್ಚುವುದಿಲ್ಲ.

ಈಗ ಲೆಕ್ಕ ಹಾಕಿ. ದೊಡ್ಡವರ ಕುಂಡಿಯಿಂದ ಪಾದ ಎತ್ತುವ ಸ್ನಾಯು ಇರುವ ಮೊಣಕಾಲಿನ ಕೆಳಭಾಗಕ್ಕೆ ಸುಮಾರು ನಲವತ್ತೈದು, ಐವತ್ತು ಸೆಂಟಿಮೀಟರ್. ಚಿಗುರು ಅಲ್ಲಿಗೆ ಮುಟ್ಟಲು ನಾನೂರ ಐವತ್ತರಿಂದ ಐನೂರು ದಿನ ಬೇಕು. ಅತ್ತ ಸ್ನಾಯು ಕಾಯುತ್ತಾ ಇರುತ್ತದೆಯೇ? ಇಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು ದಿನದಿನಕ್ಕೆ ಸೊರಗುತ್ತದೆ. ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ನರವನ್ನು ಬರಮಾಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಆಮೇಲೆ ಚಿಗುರು ಬಂದು ಬಾಗಿಲು ಬಡಿದರೂ ಒಳಗೆ ಯಾರೂ ಇರುವುದಿಲ್ಲ. ದೊಡ್ಡವರಿಗೆ ಮೊದಲ ದಿನದಿಂದಲೇ ಸಮಯ ಬಿಗಿ ಎಂದ ಮೇಲೆ ಪ್ರತಿ ವಾರಕ್ಕೂ ಬೆಲೆ ಇದೆ. ಮಕ್ಕಳ ಕಾಲು ಗಿಡ್ಡ, ಅವರ ನರ ಚೆನ್ನಾಗಿ ಬೆಳೆಯುತ್ತದೆ. ಅವರಿಗೆ ಗೆಲ್ಲುವ ಅವಕಾಶ ಹೆಚ್ಚು. ನಮ್ಮ ಹುಡುಗನಿಗೆ ಆ ಅವಕಾಶ ಇತ್ತು. ಅವನ ಹದಿನಾಲ್ಕು ತಿಂಗಳನ್ನು ನಾವು ಎಣ್ಣೆ ತಿಕ್ಕುವುದರಲ್ಲಿ ಕಳೆದೆವು.

ಹಾಗಾದರೆ ಏನು ಮಾಡಬೇಕು? ಮೊದಲ ದಿನದಿಂದಲೇ ಪಾದವನ್ನು ಕಾಪಾಡಬೇಕು. ಅದು ಜೋತುಬಿದ್ದ ಸ್ಥಿತಿಯಲ್ಲೇ ಬಿಗಿದುಕೊಳ್ಳದಂತೆ ಪ್ಲಾಸ್ಟಿಕ್ ಪಟ್ಟಿ ಕಟ್ಟಬೇಕು, ದಿನಕ್ಕೆ ಹಲವು ಸಲ ಕೈಯಿಂದ ಮೇಲೆ ಕೆಳಗೆ ಆಡಿಸಬೇಕು. ಜೋಮು ಹಿಡಿದ ಅಂಗಾಲಿಗೆ ಜಾಲಿಮುಳ್ಳು ನೆಟ್ಟರೂ, ಬೈಕಿನ ಸೈಲೆನ್ಸರ್ ತಗುಲಿದರೂ ತಿಳಿಯುವುದಿಲ್ಲ, ಆದ್ದರಿಂದ ಬರಿಗಾಲಲ್ಲಿ ಬಿಡಬಾರದು, ರಾತ್ರಿ ಮಲಗುವ ಮುನ್ನ ಅಂಗಾಲು ತಿರುಗಿಸಿ ನೋಡಬೇಕು. ಮೂರು ವಾರಕ್ಕೆ ನರ ಮತ್ತು ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಎನ್‌ಸಿವಿ, ಇಎಂಜಿ ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮುಂಚೆ ಮಾಡಿಸಿದರೆ ಯಂತ್ರವೇ ತಪ್ಪು ಹೇಳಬಹುದು, ಏಕೆಂದರೆ ಗಾಯದ ಆಚೆಗಿನ ಎಳೆಗಳು ಸಾಯುವ ಮೊದಲು ಕೆಲವು ದಿನ ಸಂಕೇತ ಹರಿಸುತ್ತಲೇ ಇರುತ್ತವೆ. ಪರೀಕ್ಷೆಯನ್ನು ಮತ್ತೆ ಆರು ವಾರಕ್ಕೋ ಮೂರು ತಿಂಗಳಿಗೋ ಮಾಡಿಸಿ ಹೋಲಿಸುತ್ತಾರೆ. ಇದರ ಜೊತೆಗೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯೂ ಇದೆ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಜೂಲ್ಸ್ ಟಿನೆಲ್ ಬರೆದಿಟ್ಟದ್ದು. ನರದ ದಾರಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಹೊಸ ಚಿಗುರಿನ ತುದಿ ಇರುವಲ್ಲಿ ಜುಮ್ ಎನ್ನುತ್ತದೆ. ಆ ಜುಮ್ ಎನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ. ಒಂದೇ ಜಾಗದಲ್ಲಿ ನಿಂತಿದ್ದರೆ ಗಂಟು ದಾರಿ ಕಟ್ಟಿದೆ.

ಮೂರು ತಿಂಗಳಿಗೂ ಸ್ನಾಯು ಮಿಸುಕಲಿಲ್ಲ, ಪರೀಕ್ಷೆಯಲ್ಲೂ ಸುಳಿವಿಲ್ಲ ಎಂದಾದರೆ ತೆರೆದು ನೋಡುವ ಕಾಲ ಬಂದಿತೆಂದು ತಿಳಿಯಬೇಕು. ಆರು ತಿಂಗಳ ಒಳಗೆ ಆದ ಶಸ್ತ್ರಚಿಕಿತ್ಸೆಗೆ ಫಲ ಹೆಚ್ಚು, ಒಂದು ವರ್ಷ ದಾಟಿತೆಂದರೆ ಆಸೆ ಬಹಳ ಕಡಿಮೆ.

ಒಳಗೆ ಏನು ಮಾಡುತ್ತಾರೆ? ಶಸ್ತ್ರಚಿಕಿತ್ಸಕರು ನರವನ್ನು ಸುತ್ತಲಿನ ಗಾಯದ ಅಂಟಿನಿಂದ ಬಿಡಿಸಿ, ಗಂಟಿನ ಮೇಲ್ಭಾಗದಲ್ಲಿ ಸಣ್ಣ ವಿದ್ಯುತ್ ಕೊಟ್ಟು ಕೆಳಗೆ ಬರುತ್ತದೆಯೇ ಎಂದು ನೋಡುತ್ತಾರೆ. ಬಂದರೆ ಒಳಗೆ ಎಳೆಗಳು ದಾಟುತ್ತಿವೆ. ಅಂಟು ಬಿಡಿಸಿ ಮುಚ್ಚಿದರೆ ಸಾಕು. ಬಾರದಿದ್ದರೆ ಗಂಟನ್ನು ಕತ್ತರಿಸಿ ತೆಗೆಯಬೇಕು. ಆಗ ನಡುವೆ ಕೆಲವು ಸೆಂಟಿಮೀಟರ್ ತೆರಪು ಬೀಳುತ್ತದೆ. ಎರಡು ತುದಿಯನ್ನು ಎಳೆದು ಹೊಲಿದರೆ ಬಿಗಿತಕ್ಕೆ ರಕ್ತ ಹರಿಯದೆ ಹೊಲಿಗೆಯ ಜಾಗ ಮತ್ತೆ ಗಾಯವಾಗುತ್ತದೆ. 1972ರಲ್ಲಿ ವಿಯೆನ್ನಾದ ಹಾನೋ ಮಿಲೇಸಿ ಇದಕ್ಕೊಂದು ದಾರಿಯನ್ನು ಗಟ್ಟಿಮಾಡಿ ತೋರಿಸಿದರು: ಎಳೆಯಬೇಡಿ, ನಡುವೆ ನರದ ತುಂಡುಗಳನ್ನು ಕೂಡಿಸಿ. ಆ ತುಂಡುಗಳನ್ನು ರೋಗಿಯ ಮೀನಖಂಡದ ಹಿಂಬದಿಯ ಸೂರಲ್ ಎಂಬ ಸಪೂರ ನರದಿಂದ ತೆಗೆಯುತ್ತಾರೆ. ಅದು ಹೋದರೆ ಪಾದದ ಹೊರ ಅಂಚಿನಲ್ಲಿ ಒಂದಿಷ್ಟು ಜೋಮು ಉಳಿಯುತ್ತದೆ, ಬೇರೆ ನಷ್ಟವಿಲ್ಲ. ಸಯಾಟಿಕ್ ದಪ್ಪ ನರವಾದ್ದರಿಂದ ಇಂಥ ಹಲವು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೈಕ್ರೋಸ್ಕೋಪಿನ ಅಡಿಯಲ್ಲಿ, ಕೂದಲಿಗಿಂತ ಸಪೂರವಾದ ನೈಲಾನ್ ದಾರದಿಂದ ಹೊಲಿಯುತ್ತಾರೆ. ಗಂಟೆಗಟ್ಟಲೆ ನಡೆಯುವ ಕೆಲಸ. ಮುಗಿಸಿ ಹೊರಬಂದ ದಿನ ಪಾದ ಮೊದಲಿನಂತೆಯೇ ಜೋತುಬಿದ್ದಿರುತ್ತದೆ. ದಾರಿ ಮಾತ್ರ ತೆರೆದಿರುತ್ತದೆ, ಇನ್ನು ದಿನಕ್ಕೊಂದು ಮಿಲಿಮೀಟರ್. “ಆಪರೇಷನ್ ಮಾಡಿಸಿದರೂ ಏನೂ ಆಗಲಿಲ್ಲ” ಎಂದು ಮೂರೇ ತಿಂಗಳಿಗೆ ಕೈಬಿಟ್ಟವರಿಗೆ ಇದನ್ನು ಮೊದಲೇ ಹೇಳಿದವರಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಹುಡುಗನಿಗೆ ಆ ದಾರಿ ಮುಚ್ಚಿತ್ತು. ಆದರೂ ಒಂದು ಉಪಾಯ ಉಳಿದಿತ್ತು, ಅದು ನಮ್ಮ ದೇಶದ ಕುಷ್ಠರೋಗಿಗಳಿಂದ ಜಗತ್ತು ಬಹಳಷ್ಟು ಕಲಿತ ವಿದ್ಯೆ. ಕುಷ್ಠವೂ ನರ ತಿನ್ನುವ ರೋಗವೇ. ಅದರಲ್ಲೂ ಕೈ ಮುದುರುತ್ತದೆ, ಪಾದ ಜೋತುಬೀಳುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಅವರನ್ನು ಮುಟ್ಟಲೂ ಜನ ಹೆದರುತ್ತಿದ್ದ ಕಾಲ ಅದು. ಕೆಲಸ ಮಾಡುವ ಸ್ನಾಯುವಿನ ತುದಿಯನ್ನು ಬಿಡಿಸಿ, ಸೋತ ಸ್ನಾಯುವಿನ ಜಾಗಕ್ಕೆ ಕಟ್ಟಿದರು. ಪಾದಕ್ಕೂ ಇದೇ ಕ್ರಮ: ಪಾದವನ್ನು ಒಳಕ್ಕೆ ಎಳೆಯುವ ಸ್ನಾಯುವಿನ ಹುರಿಯನ್ನು ಮುಂದಕ್ಕೆ ತಂದು ಹೊಲಿದರೆ ಅದು ಪಾದವನ್ನು ಮೇಲಕ್ಕೆ ಎತ್ತುತ್ತದೆ. ಒಳಮಗ್ಗುಲಿನ ನರ ಚೇತರಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ. ನಮ್ಮ ಹುಡುಗನಿಗೆ ಅದು ಚೇತರಿಸಿಕೊಂಡಿತ್ತು. ಹದಿನೇಳನೇ ವಯಸ್ಸಿಗೆ ಆಪರೇಷನ್ ಆಯಿತು. ಹೊಸ ಜಾಗದ ಸ್ನಾಯುವಿಗೆ ಹೊಸ ಕೆಲಸ ಕಲಿಸಲು ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ. ಈಗ ಎರೆ ಹೊಲದ ಹಸಿಯಲ್ಲೂ ಕಾಲೆಳೆಯದೆ ನಡೆಯುತ್ತಾನೆ. ಆದರೆ ನಡುವಿನ ಹತ್ತು ವರ್ಷ ಸಾಲಿಯಲ್ಲಿ ಅವನನ್ನು ಕರೆದ ಹೆಸರನ್ನು ನಾನು ಇಲ್ಲಿ ಬರೆಯಲಾರೆ.

ನರಕ್ಕೆ ಪೆಟ್ಟು ಬೀಳುವುದು ಸೂಜಿಯಿಂದಷ್ಟೇ ಅಲ್ಲ. ಕುತ್ತಿಗೆಯ ಗಂಟಿನ ಚೂರು ತೆಗೆಯುವಾಗ ಭುಜ ಎತ್ತುವ ನರ ತುಂಡಾಗಬಹುದು. ಮೊಣಕಾಲಿನ ಹೊರಬದಿಗೆ ಪ್ಲಾಸ್ಟರ್ ಬಿಗಿಯಾದರೆ ಪಾದ ಜೋತುಬೀಳಬಹುದು. ಮೂಳೆ ಕಟ್ಟುವವರು ಬಿದಿರಿನ ಪಟ್ಟಿ ಬಿಗಿದು ಬೆರಳು ತಣ್ಣಗಾದರೂ ಬಿಚ್ಚದಿದ್ದರೆ ಇಡೀ ಕೈ ಮುರುಟಿ ಹೋಗಬಹುದು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡ ಮಗುವಿನ ತೋಳಿನ ನರ ಎಳೆದುಹೋಗಬಹುದು. ಶಸ್ತ್ರಚಿಕಿತ್ಸೆಯ ಕತ್ತರಿಯಲ್ಲೇ ನರ ತುಂಡಾಗಿದೆ ಎಂದು ವೈದ್ಯರಿಗೆ ಆಗಲೇ ತಿಳಿದರೆ ಮೂರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ತಕ್ಷಣ ಹೊಲಿಯಬೇಕು, ಇಲ್ಲವೇ ಹೊಲಿಯಬಲ್ಲವರ ಬಳಿಗೆ ಕಳಿಸಬೇಕು.

ತಿಳಿದೂ ಹೇಳದಿರುವುದೇ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ನರಕ್ಕೆ ಪೆಟ್ಟು ಬಿದ್ದದ್ದೆಲ್ಲ ನಿರ್ಲಕ್ಷ್ಯವಲ್ಲ. ಒಳ್ಳೆಯ ವೈದ್ಯರ ಕೈಯಲ್ಲೂ ಆಗುತ್ತದೆ, ನ್ಯಾಯಾಲಯಗಳೂ ಇದನ್ನು ಒಪ್ಪಿವೆ. ಆದರೆ ದೂರು ಬರುತ್ತದೆಂದು ಹೆದರಿ “ಸರಿ ಹೋಗತೈತಿ” ಎಂದು ತಿಂಗಳುಗಟ್ಟಲೆ ತಡೆದರೆ ರೋಗಿಯ ಸ್ನಾಯು ಅಲ್ಲಿಯೇ ಸಾಯುತ್ತದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ತಾನು ಓದದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು 1996ರಲ್ಲಿ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಒಳಗೆ ಹೋಗಬೇಕು. ಹೋಗಲು ಕೈಯಲ್ಲಿ ಚೀಟಿ ಬೇಕು. ಯಾವ ಔಷಧ, ಯಾವ ದಿನ, ಯಾವ ಜಾಗಕ್ಕೆ ಎಂದು ಬರೆದುಕೊಡದವರಿಂದ ಸೂಜಿ ಮಾಡಿಸಿಕೊಳ್ಳಬೇಡಿ.

ಒಳ್ಳೆಯ ಅಭ್ಯಾಸ ನಮ್ಮ ಊರಲ್ಲೇ ಇದೆ. ಅಂಗನವಾಡಿಯಲ್ಲಿ ನರ್ಸಬಾಯಿ ಹಸುಗೂಸಿಗೆ ಪೆಂಟಾ ಲಸಿಕೆಯನ್ನು ತೊಡೆಯ ಮುಂಭಾಗದ ಹೊರಬದಿಗೆ ಹಾಕುವುದನ್ನು ಎಲ್ಲ ತಾಯಂದಿರೂ ನೋಡಿದ್ದಾರೆ. ಅಲ್ಲಿ ದೊಡ್ಡ ನರ ಇಲ್ಲ ಎಂದೇ ಅದು ಆಯ್ದ ಜಾಗ. ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ದಿಢೀರನೆ ಸೋತರೆ ಆಶಾ ಕಾರ್ಯಕರ್ತೆಯರು ಸುದ್ದಿ ಮುಟ್ಟಿಸುತ್ತಾರೆ, ಪೋಲಿಯೊ ಇದೆಯೇ ಎಂದು ನೋಡಲು ಹದಿನಾಲ್ಕು ದಿನದೊಳಗೆ ಎರಡು ಸಲ ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಇಂಥ ಶಿಸ್ತಿನಿಂದಲೇ 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊದ ಒಂದು ಪ್ರಕರಣವೂ ಬಂದಿಲ್ಲ. ಆದರೆ ‘ಪೋಲಿಯೊ ಅಲ್ಲ, ಸೂಜಿಯಿಂದ ಆದದ್ದು’ ಎಂದು ಬರೆದು ಕಡತ ಮುಚ್ಚಿದ ಮೇಲೆ ಆ ಮಗುವಿನ ಕಾಲಿನ ಗತಿ ಏನು? ಮಲದ ಮಾದರಿಗೆ ಇರುವ ಅವಸರದಲ್ಲಿ ಅರ್ಧದಷ್ಟು ಆ ನರಕ್ಕೂ ಸಿಗಬೇಕು. ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆ ಇದೆ. ತಿಂಗಳಿಗೊಂದು ದಿನವನ್ನು ನರದ ಗಾಯದವರಿಗೆಂದೇ ಇಟ್ಟು, ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಿಂದ ಮೂರನೇ ವಾರಕ್ಕೇ ಅವರನ್ನು ಅಲ್ಲಿಗೆ ಕಳಿಸುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಮಾಡಬೇಕು. ಮೈಕ್ರೋಸ್ಕೋಪಿನ ಶಸ್ತ್ರಚಿಕಿತ್ಸೆ ಬೇಕಾದವರು ಹುಬ್ಬಳ್ಳಿ, ಬೆಳಗಾವಿಗೆ ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರು ಹೊರಡುವ ಮುನ್ನ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಎಂದು ಕೇಳಿ, ರೆಫರಲ್ ಚೀಟಿ ಬರೆಸಿಕೊಳ್ಳಲಿ.

ನಿಮ್ಮ ಓಣಿಯಲ್ಲಿ ಸೂಜಿ ಮಾಡಿಸಿದ ಮರುದಿನದಿಂದ ಚಪ್ಪಲಿ ನಿಲ್ಲದ ಮಗು ಇದ್ದರೆ, ಅದರ ತಾಯಿಯನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ. ಅಲ್ಲಿಂದ ಮೂರು ತಿಂಗಳು ಎಣಿಸಿ. ಆ ತಾರೀಖು ಇನ್ನೂ ಬಂದಿಲ್ಲವಾದರೆ ಈ ವಾರವೇ ಅವರನ್ನು ಹೊರಡಿಸಿ. ದಾಟಿದ್ದರೆ ನಾಳೆಯೇ ಹೊರಡಿಸಿ.